ಎದುರು ಪಕ್ಷಕ್ಕಷ್ಟೇ ಅನ್ವಯಿಸುವ ಸಂವಿಧಾನ

ಅಮೆರಿಕದ ಪೌರತ್ವ ಬೇಕಾದವರು ಒಂದು ಬಾಯಿಪಾಠದ ಪರೀಕ್ಷೆ ಪಾಸಾಗಬೇಕು. ಮೊದಲು 100 ಪ್ರಶ್ನೆಗಳ ಪಟ್ಟಿ ಇತ್ತು. 2025ರ ಅಕ್ಟೋಬರ್‌ನಿಂದ ಅದು 128 ಆಗಿದೆ. ಅಧಿಕಾರಿ ಎದುರಿಗೆ ಕೂತು 20 ಕೇಳುತ್ತಾನೆ, 12ಕ್ಕೆ ಸರಿಯುತ್ತರ ಬಂದರೆ ಸಾಕು. ಗ್ರೀನ್ ಕಾರ್ಡಿಗೆ ಕಾದು, ಅದು ಬಂದ ಮೇಲೆ ಇನ್ನೂ ಐದು ವರ್ಷ ಕಾದು, ತಲೆ ನೆರೆತ ಮೇಲೆ ನಮ್ಮ ಮೈಸೂರು, ದಾವಣಗೆರೆ, ಹುಬ್ಬಳ್ಳಿಯ ಎಂಜಿನಿಯರುಗಳು ಎಸ್ಸೆಸ್ಸೆಲ್ಸಿ ಮಕ್ಕಳಂತೆ ಇದನ್ನು ಉರು ಹೊಡೆಯುತ್ತಾರೆ.

ಪ್ರಶ್ನೆ: ಕಾನೂನಿನ ಆಳ್ವಿಕೆ ಎಂದರೇನು? ಉತ್ತರ: ಕಾನೂನಿಗಿಂತ ಯಾರೂ ದೊಡ್ಡವರಲ್ಲ.

ಭೇಷ್. ಕೈ ಎತ್ತಿ ಪ್ರಮಾಣ ಮಾಡಿ. ನೀವೀಗ ಅಮೆರಿಕನ್.

2024ರ ಜುಲೈ 1ರಂದು ಅದೇ ದೇಶದ ಸುಪ್ರೀಂ ಕೋರ್ಟು ಅದೇ ಪ್ರಶ್ನೆಗೆ ಬೇರೆ ಉತ್ತರ ಬರೆಯಿತು. ಆರು ನ್ಯಾಯಮೂರ್ತಿಗಳು ಒಂದು ಕಡೆ, ಮೂವರು ಇನ್ನೊಂದು ಕಡೆ. ಸಂವಿಧಾನ ಅಧ್ಯಕ್ಷನೊಬ್ಬನಿಗೇ ಕೊಟ್ಟ ಅಧಿಕಾರವನ್ನು ಅವನು ಹೇಗೆ ಬಳಸಿದರೂ ಕ್ರಿಮಿನಲ್ ಕೇಸು ಹಾಕುವಂತಿಲ್ಲ. ಅವನ ಉಳಿದ ಅಧಿಕೃತ ಕೆಲಸಗಳಿಗೂ ರಕ್ಷಣೆ ಇದೆ ಎಂದೇ ಹೊರಡಬೇಕು, ಇಲ್ಲವೆನ್ನುವವರು ಅದನ್ನು ಸಾಬೀತು ಮಾಡಬೇಕು. ಅಧ್ಯಕ್ಷ ಈಗ ಕಾನೂನಿನ ಮೇಲೆ ಕೂತ ದೊರೆಯಾದ ಎಂದು ಭಿನ್ನಮತದ ತೀರ್ಪಿನಲ್ಲಿ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಬರೆದರು.

ದಾವಣಗೆರೆಯ ಎಂಜಿನಿಯರು ಪರೀಕ್ಷೆಯಲ್ಲಿ ಇದೇ ಉತ್ತರ ಹೇಳಿದ್ದರೆ ಒಂದು ಅಂಕ ಹೋಗುತ್ತಿತ್ತು.

ಈ ತೀರ್ಪಿಗೆ ಬರುವ ದಾರಿ ಇನ್ನೂ ಸೊಗಸಾಗಿದೆ. 2021ರ ಜನವರಿ 6ರಂದು ಆಗಿನ ಅಧ್ಯಕ್ಷ ಟ್ರಂಪ್ ಅವರ ಬೆಂಬಲಿಗರ ಗುಂಪೊಂದು ಸಂಸತ್ ಭವನಕ್ಕೆ ನುಗ್ಗಿತು. ಒಂದು ವಾರದೊಳಗೆ ಪ್ರತಿನಿಧಿ ಸಭೆ ಟ್ರಂಪ್ ಮೇಲೆ ವಾಗ್ದಂಡನೆ ಹೊರಿಸಿತು. ವಿಚಾರಣೆ ನಡೆಸಬೇಕಾದದ್ದು ಸೆನೆಟ್. ಅದರ ಆಗಿನ ಬಹುಮತದ ನಾಯಕ ಮಿಚ್ ಮೆಕಾನೆಲ್. ಸೆನೆಟ್ ರಜೆಯಲ್ಲಿದೆ, ಅಧ್ಯಕ್ಷರ ಅವಧಿ ಮುಗಿಯುವುದರೊಳಗೆ ವಿಚಾರಣೆ ಆಗದು ಎಂದರು. ಅವಧಿ ಮುಗಿಯಿತು. ವಿಚಾರಣೆ ಬಂತು. ಆಗ ಇದೇ ಮೆಕಾನೆಲ್, ಇವರು ಈಗ ಮಾಜಿ ಅಧ್ಯಕ್ಷರು, ಮಾಜಿಗಳನ್ನು ವಿಚಾರಿಸುವ ಅಧಿಕಾರ ಸೆನೆಟ್‌ಗೆ ಇಲ್ಲ ಎಂದು ಖುಲಾಸೆಗೆ ಮತ ಹಾಕಿದರು. ಮತ ಹಾಕಿ ಎದ್ದು ನಿಂತು, ಆ ದಿನದ ಗಲಭೆಗೆ ಟ್ರಂಪ್ ಅವರೇ ನೈತಿಕ ಹೊಣೆ, ಅವರನ್ನು ವಿಚಾರಿಸಲು ಕ್ರಿಮಿನಲ್ ಕೋರ್ಟುಗಳಿವೆ ಎಂದು ಭಾಷಣವನ್ನೂ ಮಾಡಿದರು.

ಟ್ರಂಪ್ ವಕೀಲರೂ ಸೆನೆಟ್‌ನಲ್ಲಿ ಅದನ್ನೇ ಹೇಳಿದ್ದರು. ಇಲ್ಲಿ ಬೇಡ, ಕೋರ್ಟಿಗೆ ಹೋಗಿ.

ಕೋರ್ಟಿಗೆ ಹೋದರು. ಅಲ್ಲಿ ಟ್ರಂಪ್ ವಕೀಲರು ಹೇಳಿದ್ದೇನು? ಮೊದಲು ಸೆನೆಟ್ ತಪ್ಪಿತಸ್ಥ ಎನ್ನಬೇಕು, ಆಮೇಲಷ್ಟೇ ಕೋರ್ಟು.

ಸುಪ್ರೀಂ ಕೋರ್ಟು ಈ ವಾದವನ್ನು ಒಪ್ಪಲಿಲ್ಲ. ಅದಕ್ಕಿಂತ ದೊಡ್ಡ ವರವನ್ನೇ ಕೊಟ್ಟು ಕಳಿಸಿತು.

ಇದನ್ನೇ ಪಠ್ಯಪುಸ್ತಕಗಳು ಅಧಿಕಾರ ವಿಭಜನೆ ಎನ್ನುತ್ತವೆ. ಒಂದು ಅಂಗ ಇನ್ನೊಂದನ್ನು ಕಾಯುತ್ತದಂತೆ. ಕಾಯುವುದು ನಿಜ. ಯಾರಿಂದ ಯಾರನ್ನು ಎಂದು ಮಾತ್ರ ಕೇಳಬಾರದು.

ಈ ಏರ್ಪಾಟಿನ ಶಿಲ್ಪಿ ಜೇಮ್ಸ್ ಮ್ಯಾಡಿಸನ್. ಅವನ ಲೆಕ್ಕ ಸರಳ. ಮನುಷ್ಯರು ದೇವತೆಗಳಲ್ಲ, ಅಧಿಕಾರದ ಆಸೆ ಎಲ್ಲರಿಗೂ ಇದೆ. ಆದ್ದರಿಂದ ಅಧ್ಯಕ್ಷನ ಆಸೆಗೆ ಸಂಸತ್ತಿನ ಆಸೆ ಅಡ್ಡ ನಿಲ್ಲಲಿ, ಸಂಸತ್ತಿನ ಆಸೆಗೆ ನ್ಯಾಯಾಲಯ. ಸೆನೆಟರು ತನ್ನ ಸೆನೆಟ್‌ನ ಮಾನಕ್ಕಾಗಿ ಹೊಡೆದಾಡುತ್ತಾನೆ ಎಂದು ಮ್ಯಾಡಿಸನ್ ನಂಬಿದ್ದ. 1787ರ ಆ ಸಂವಿಧಾನದಲ್ಲಿ ರಾಜಕೀಯ ಪಕ್ಷಗಳ ಹೆಸರೇ ಇಲ್ಲ. 1796ರಲ್ಲಿ ಜಾರ್ಜ್ ವಾಷಿಂಗ್ಟನ್ ಅಧಿಕಾರ ಬಿಡುವ ಮುನ್ನ ಪಕ್ಷಗಳ ಬಗ್ಗೆ ದೇಶವನ್ನು ಎಚ್ಚರಿಸಿದ. ಅಷ್ಟು ಹೊತ್ತಿಗೆ ಇದೇ ಮ್ಯಾಡಿಸನ್, ಜೆಫರ್ಸನ್ ಜೊತೆ ಸೇರಿ ಪಕ್ಷ ಕಟ್ಟಿಯೂ ಆಗಿತ್ತು.

ಅಲ್ಲಿಗೆ ಲೆಕ್ಕ ತಪ್ಪಿತು. ಸೆನೆಟರಿಗೆ ಸೆನೆಟ್ ಮುಖ್ಯವಲ್ಲ, ಪಕ್ಷ ಮುಖ್ಯ. ಅಧ್ಯಕ್ಷ ನಮ್ಮವನಾದರೆ ಅವನ ಅಧಿಕಾರಕ್ಕೆ ಮಿತಿಯಿಲ್ಲ, ಅವರವನಾದರೆ ಸಂವಿಧಾನ ಅಪಾಯದಲ್ಲಿದೆ. ಅಮೆರಿಕದ ಸಂವಿಧಾನದ ಮೂಲ ತತ್ವಗಳೆಲ್ಲ ಇವತ್ತು ನಿಂತಿರುವುದು ಈ ಒಂದೇ ವಾಕ್ಯದ ಮೇಲೆ. ಇದು 128 ಪ್ರಶ್ನೆಗಳಲ್ಲಿ ಇಲ್ಲ.

2016ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಆಂಟನಿನ್ ಸ್ಕಾಲಿಯಾ ತೀರಿಕೊಂಡರು. ಮಾರ್ಚ್ 16ರಂದು ಒಬಾಮ, ಮೆರಿಕ್ ಗಾರ್ಲಂಡ್ ಅವರ ಹೆಸರು ಕಳಿಸಿದರು. ಚುನಾವಣೆಗೆ ಇನ್ನೂ ಎಂಟು ತಿಂಗಳಿತ್ತು. ಇದು ಚುನಾವಣೆಯ ವರ್ಷ, ಜನ ತೀರ್ಮಾನಿಸಲಿ ಎಂದರು ಮೆಕಾನೆಲ್. ಮತಕ್ಕೆ ಹಾಕುವುದಿರಲಿ, ಗಾರ್ಲಂಡ್ ಅವರನ್ನು ಕರೆದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ರಿಪಬ್ಲಿಕನ್ ಅಧ್ಯಕ್ಷರ ಕೊನೆಯ ವರ್ಷದಲ್ಲೂ ನಾವು ಹೀಗೇ ನಡೆಯುತ್ತೇವೆ, ಇಲ್ಲದಿದ್ದರೆ ನನ್ನ ಮಾತನ್ನು ನನ್ನ ಮೇಲೇ ಬಳಸಿ ಎಂದು ಸೆನೆಟರ್ ಲಿಂಡ್ಸೆ ಗ್ರಹಾಂ ಎದೆ ತಟ್ಟಿಕೊಂಡರು.

2020ರ ಸೆಪ್ಟೆಂಬರ್ 18. ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡರು. ಅಕ್ಟೋಬರ್ 26ಕ್ಕೆ ಏಮಿ ಕೋನಿ ಬ್ಯಾರೆಟ್ ಅವರ ನೇಮಕಕ್ಕೆ ಒಪ್ಪಿಗೆ ಬಿತ್ತು. ಚುನಾವಣೆಗೆ ಉಳಿದಿದ್ದದ್ದು ಎಂಟೇ ದಿನ. ಕೋಟ್ಯಂತರ ಜನ ಅಂಚೆಯಲ್ಲಿ ಮತ ಹಾಕಿಯೂ ಆಗಿತ್ತು. ನೇಮಕದ ವಿಚಾರಣೆ ನಡೆಸಿದ ಸಮಿತಿಯ ಅಧ್ಯಕ್ಷರು ಯಾರು? ಲಿಂಡ್ಸೆ ಗ್ರಹಾಂ.

ಮಾತನ್ನು ಅವರ ಮೇಲೇ ಬಳಸಿದರು, ಎಲ್ಲ ಟೀವಿಗಳಲ್ಲೂ ಬಳಸಿದರು. ಏನೂ ಆಗಲಿಲ್ಲ. ಗ್ರಹಾಂ ಮತ್ತೆ ಗೆದ್ದರು.

ಡೆಮಾಕ್ರಟಿಕ್ ಪಕ್ಷದವರು ಇಲ್ಲಿ ನಗಬೇಕಿಲ್ಲ. ಚುನಾವಣೆಯ ಭರಾಟೆಯಲ್ಲಿ ಅಧ್ಯಕ್ಷರು ಸುಪ್ರೀಂ ಕೋರ್ಟಿಗೆ ಹೆಸರು ಕಳಿಸಬಾರದು ಎಂದು 1992ರ ಜೂನ್‌ನಲ್ಲಿ ಸೆನೆಟ್‌ನಲ್ಲಿ ನಿಂತು ಉಪದೇಶ ಮಾಡಿದವರು ಜೋ ಬೈಡನ್. ಆಗ ಅಧ್ಯಕ್ಷ ಸ್ಥಾನದಲ್ಲಿ ಇದ್ದದ್ದು ರಿಪಬ್ಲಿಕನ್ ಬುಷ್. ನ್ಯಾಯಾಧೀಶರ ನೇಮಕಕ್ಕೆ 60 ಮತ ಬೇಕೆಂಬ ಅಡ್ಡಗೋಲನ್ನು 2013ರಲ್ಲಿ ಕೆಳ ಕೋರ್ಟುಗಳ ಮಟ್ಟಿಗೆ ಕಿತ್ತೆಸೆದವರೂ ಡೆಮಾಕ್ರಟರೇ. 2017ರಲ್ಲಿ ರಿಪಬ್ಲಿಕನ್ನರು ಸುಪ್ರೀಂ ಕೋರ್ಟಿಗೂ ಅದನ್ನು ವಿಸ್ತರಿಸಿದಾಗ ಪ್ರಜಾಪ್ರಭುತ್ವ ಸತ್ತಿತೆಂದು ಅತ್ತವರೂ ಅವರೇ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ವಾಷಿಂಗ್ಟನ್‌ನಲ್ಲಿ ಅತ್ತೆ ಸೊಸೆ ಎರಡು, ನಾಲ್ಕು ವರ್ಷಕ್ಕೊಮ್ಮೆ ಸೀರೆ ಬದಲಾಯಿಸಿಕೊಳ್ಳುತ್ತಾರೆ, ಅಷ್ಟೇ.

ಪೌರತ್ವದ ಪರೀಕ್ಷೆಗೆ ಮರಳೋಣ. ಹಳೆಯ 100 ಪ್ರಶ್ನೆಗಳ ಪಟ್ಟಿಯಲ್ಲಿ ಸಂವಿಧಾನದ ಮೊದಲ ಮೂರು ಪದಗಳಾವುವು ಎಂದು ಕೇಳುತ್ತಿದ್ದರು. ಜನರಾದ ನಾವು ಎಂಬರ್ಥದ ಆ ಮೂರು ಪದಗಳನ್ನು ಒಪ್ಪಿಸಬೇಕಿತ್ತು.

ಆ ಜನ ಯಾರು? 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ್ದು 55 ಮಂದಿ. ಒಬ್ಬ ಹೆಂಗಸಿಲ್ಲ. ಒಬ್ಬ ಕರಿಯನಿಲ್ಲ. ಆ ನೆಲದ ಮೂಲನಿವಾಸಿ ಒಬ್ಬನೂ ಇಲ್ಲ. ಬಾಗಿಲಿಗೆ ಕಾವಲು, ಕಿಟಕಿಗಳು ಬಂದ್, ಒಳಗಿನ ಮಾತು ಹೊರಗೆ ಹೋಗಕೂಡದೆಂದು ಆಣೆ. ಜನರ ಹೆಸರಿನ ದಾಖಲೆಯನ್ನು ಜನರಿಂದ ಮುಚ್ಚಿಟ್ಟು ಬರೆದರು. ಕೊನೆಗೆ ಸಹಿ ಹಾಕಿದ್ದು 39 ಜನ.

ಒಳಗೆ ನಡೆದ ವ್ಯಾಪಾರ ನೋಡಿ. ಪ್ರತಿನಿಧಿ ಸಭೆಯ ಸೀಟು ಜನಸಂಖ್ಯೆಯ ಮೇಲೆ. ದಕ್ಷಿಣದ ರಾಜ್ಯಗಳು ಗುಲಾಮರನ್ನೂ ಎಣಿಸಿ ಎಂದವು. ಮತ ಹಾಕಲು ಅವರು ಮನುಷ್ಯರಲ್ಲ, ಆಸ್ತಿ. ಸೀಟು ಲೆಕ್ಕ ಹಾಕಲು ಮಾತ್ರ ಮನುಷ್ಯರು. ಉತ್ತರದವರು ಚೌಕಾಸಿ ಮಾಡಿದರು. ಐದರಲ್ಲಿ ಮೂರು ಪಾಲು ಎಂದು ವ್ಯಾಪಾರ ಕುದುರಿತು. ಗುಲಾಮನಿಗೆ ಮುಕ್ಕಾಲಿಗಿಂತ ಕಡಿಮೆ ಬೆಲೆ ಕಟ್ಟಿದರು ಎಂದು ಇವತ್ತು ಕೆಲವರು ಮರುಗುತ್ತಾರೆ. ಮರುಗಬೇಕಾದದ್ದು ಅದಕ್ಕಲ್ಲ. ಗುಲಾಮನಿಗೆ ಸಿಕ್ಕಿದ್ದು ಸೊನ್ನೆ, ಆ ಮೂರು ಪಾಲೂ ಅವನ ಒಡೆಯನ ಬಲಕ್ಕೆ ಸೇರಿತು. ಹೆಚ್ಚು ಗುಲಾಮರಿದ್ದ ರಾಜ್ಯಕ್ಕೆ ಹೆಚ್ಚು ಸೀಟು, ಅಧ್ಯಕ್ಷನನ್ನು ಆರಿಸುವಾಗಲೂ ಹೆಚ್ಚು ಮತ. 1789ರಿಂದ ಮೊದಲ 36 ವರ್ಷಗಳಲ್ಲಿ 32 ವರ್ಷ ಆಳಿದವರು ವರ್ಜೀನಿಯಾದ ಗುಲಾಮರ ಒಡೆಯರು: ವಾಷಿಂಗ್ಟನ್, ಜೆಫರ್ಸನ್, ಮ್ಯಾಡಿಸನ್, ಮನ್ರೋ. ಸ್ವಾತಂತ್ರ್ಯದ ಬಗ್ಗೆ ಅತಿ ಚೆಂದವಾಗಿ ಬರೆದವರೂ ಇವರೇ.

ಇನ್ನೊಂದು ಕಲಮು ಇದೆ. ಹೊರಗಿನಿಂದ ಗುಲಾಮರನ್ನು ತರುವ ವ್ಯಾಪಾರವನ್ನು 1808ರವರೆಗೆ ಸಂಸತ್ತು ನಿಷೇಧಿಸುವಂತಿಲ್ಲ. ಇಷ್ಟಕ್ಕೇ ತೃಪ್ತಿಯಾಗಲಿಲ್ಲ. ಆ ಕಲಮನ್ನು 1808ರವರೆಗೆ ತಿದ್ದುಪಡಿ ಮಾಡಲೂಬಾರದು ಎಂದು ಐದನೇ ವಿಧಿಯಲ್ಲಿ ಬೀಗ ಹಾಕಿದರು. ವಾಕ್ ಸ್ವಾತಂತ್ರ್ಯಕ್ಕೆ ಆ ಬೀಗ ಸಿಗಲಿಲ್ಲ. ಅದನ್ನು 1791ರಲ್ಲಿ ತಿದ್ದುಪಡಿಯಾಗಿ ತೇಪೆ ಹಚ್ಚಿದರು. ಏಳು ವರ್ಷಕ್ಕೆ, 1798ರಲ್ಲಿ, ಸರ್ಕಾರವನ್ನು ಬೈದ ಪತ್ರಿಕಾ ಸಂಪಾದಕರನ್ನು ಜೈಲಿಗೆ ಹಾಕುವ ಕಾನೂನು ಬಂತು. ಸಹಿ ಹಾಕಿದ ಅಧ್ಯಕ್ಷ ಜಾನ್ ಆಡಮ್ಸ್, ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲೊಬ್ಬ.

ಹಳೆಯ ಕತೆ ಬಿಡಿ ಎನ್ನುತ್ತೀರಾ? ಹೊಸದನ್ನೇ ತೆಗೆದುಕೊಳ್ಳಿ. ಬ್ರಿಟಿಷರ ವಿರುದ್ಧ ದಂಗೆ ಎದ್ದದ್ದೇಕೆ ಎಂದು ಪರೀಕ್ಷೆಯಲ್ಲಿ ಕೇಳುತ್ತಾರೆ. ಪ್ರಾತಿನಿಧ್ಯ ಕೊಡದೆ ತೆರಿಗೆ ಹಾಕಿದ್ದಕ್ಕೆ ಎಂದರೆ ಅಂಕ. ನಿಮ್ಮ ರಾಜ್ಯದ ಸೆನೆಟರ್ ಯಾರು ಎಂಬುದೂ ಒಂದು ಪ್ರಶ್ನೆ. ಅದರ ಕೆಳಗೇ ಸಣ್ಣ ಸೂಚನೆ: ರಾಜಧಾನಿ ವಾಷಿಂಗ್ಟನ್‌ನಲ್ಲಿ ವಾಸಿಸುವವರು ನಮಗೆ ಸೆನೆಟರೇ ಇಲ್ಲ ಎಂದು ಉತ್ತರಿಸಬೇಕು.

ಎರಡಕ್ಕೂ ಅಂಕ ಸಿಗುತ್ತದೆ. ಒಂದೇ ಮೇಜಿನಲ್ಲಿ, ಒಂದೇ ಅಧಿಕಾರಿಯಿಂದ.

2020ರ ಜನಗಣತಿಯಂತೆ ಆ ರಾಜಧಾನಿಯಲ್ಲಿ 6.89 ಲಕ್ಷ ಜನರಿದ್ದಾರೆ. ಸೆನೆಟರ್ ಇಲ್ಲ, ಪ್ರತಿನಿಧಿ ಸಭೆಯಲ್ಲಿ ಮತ ಹಾಕುವ ಸದಸ್ಯನೂ ಇಲ್ಲ. ವಯೊಮಿಂಗ್ ರಾಜ್ಯದಲ್ಲಿ 5.77 ಲಕ್ಷ ಜನ. ಇಬ್ಬರು ಸೆನೆಟರುಗಳು. ಕ್ಯಾಲಿಫೋರ್ನಿಯಾದಲ್ಲಿ 3.95 ಕೋಟಿ ಜನ. ಅವರಿಗೂ ಇಬ್ಬರೇ. ವಯೊಮಿಂಗ್‌ನ ಒಬ್ಬ ರೈತ ಕ್ಯಾಲಿಫೋರ್ನಿಯಾದ 68 ಜನಕ್ಕೆ ಸಮ. ಪೋರ್ಟೊರಿಕೊದ 32 ಲಕ್ಷ ಜನ 1917ರಿಂದ ಅಮೆರಿಕದ ಪ್ರಜೆಗಳು, ಸೈನ್ಯಕ್ಕೆ ಸೇರಿ ಸಾಯಬಹುದು, ಆದರೆ ಆ ದ್ವೀಪದಲ್ಲಿದ್ದುಕೊಂಡು ಅಧ್ಯಕ್ಷರಿಗೆ ಮತ ಹಾಕುವಂತಿಲ್ಲ.

ರಾಜಧಾನಿಯ ಜನ ಕೊನೆಗೆ ತಮ್ಮ ಕಾರುಗಳ ನಂಬರ್ ಪ್ಲೇಟಿನ ಮೇಲೆ 2000ನೇ ಇಸವಿಯಿಂದ ಅದೇ ಘೋಷಣೆ ಬರೆಸಿಕೊಂಡರು, ಪ್ರಾತಿನಿಧ್ಯವಿಲ್ಲದ ತೆರಿಗೆ ಎಂದು. ಕ್ಲಿಂಟನ್ ಅಧಿಕಾರ ಬಿಡುವ ಹೊತ್ತಿನಲ್ಲಿ ಅಧ್ಯಕ್ಷರ ಕಾರಿಗೂ ಆ ಪ್ಲೇಟು ಹಾಕಿಸಿದರು. ಬುಷ್ ಬಂದು ತೆಗೆಸಿದರು. ಒಬಾಮ ಮತ್ತೆ ಹಾಕಿಸಿದರು, ಅದೂ ಎರಡನೇ ಅವಧಿಗೆ. ಪ್ಲೇಟು ಬದಲಾಯಿತು. ಸೆನೆಟರು ಬರಲಿಲ್ಲ.

ಇನ್ನು ಕ್ಷೇತ್ರ ಮರುವಿಂಗಡಣೆ. ಎಲ್ಬ್ರಿಜ್ ಗೆರಿ ಎಂಬಾತ ಫಿಲಡೆಲ್ಫಿಯಾದಲ್ಲಿದ್ದ, ಆದರೆ ಸಂವಿಧಾನಕ್ಕೆ ಸಹಿ ಹಾಕಲಿಲ್ಲ. ಜನರ ಹಕ್ಕುಗಳಿಗೆ ಅದರಲ್ಲಿ ರಕ್ಷಣೆ ಸಾಲದೆಂದು ಅವನ ಕೊರಗು. 1812ರಲ್ಲಿ ಮ್ಯಾಸಚುಸೆಟ್ಸ್ ಗವರ್ನರಾಗಿ ಹಕ್ಕುಗಳ ಈ ಪ್ರತಿಪಾದಕ ಮಾಡಿದ್ದೇನು? ತನ್ನ ಪಕ್ಷ ಗೆಲ್ಲುವಂತೆ ಅಂಕುಡೊಂಕಾಗಿ ಕೊರೆದ ಕ್ಷೇತ್ರಗಳ ನಕ್ಷೆಗೆ ಸಹಿ ಹಾಕಿದ. ಸಂವಿಧಾನಕ್ಕೆ ಸಹಿ ಹಾಕದ ಪೆನ್ನು ನಕ್ಷೆಗೆ ಹಾಕಿತು. ಒಂದು ಕ್ಷೇತ್ರ ಹಲ್ಲಿಯಂಥ ಪ್ರಾಣಿಯ ಆಕಾರದಲ್ಲಿತ್ತು. ಇಂಥ ಮೋಸಕ್ಕೆ ಇವತ್ತಿಗೂ ಅವನದೇ ಹೆಸರು. ಶಿಕ್ಷೆ? ಮುಂದಿನ ವರ್ಷ ದೇಶದ ಉಪಾಧ್ಯಕ್ಷನಾದ. ಅಧ್ಯಕ್ಷ ನಮ್ಮ ಮ್ಯಾಡಿಸನ್ನೇ.

2019ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರಂತೆ ತೀರ್ಪು ಕೊಟ್ಟಿತು: ಪಕ್ಷದ ಲಾಭಕ್ಕಾಗಿ ಕ್ಷೇತ್ರ ಕೊರೆಯುವುದು ನ್ಯಾಯವಲ್ಲ, ಆದರೆ ಅದನ್ನು ತೀರ್ಮಾನಿಸುವುದು ಫೆಡರಲ್ ಕೋರ್ಟುಗಳ ಕೆಲಸವೂ ಅಲ್ಲ. ಅನ್ಯಾಯವೆಂದು ಗೊತ್ತು, ಕೈ ಹಾಕುವುದಿಲ್ಲ. ಟೆಕ್ಸಸ್ ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡಿತು. 2025ರ ಆಗಸ್ಟ್‌ನಲ್ಲಿ, ಜನಗಣತಿ ಇನ್ನೂ ದೂರ ಇರುವಾಗಲೇ, ರಿಪಬ್ಲಿಕನ್ನರಿಗೆ ಐದು ಸೀಟು ಹೆಚ್ಚು ಬರುವಂತೆ ನಕ್ಷೆ ಬದಲಿಸಿತು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆಂದೇ ಸ್ವತಂತ್ರ ಆಯೋಗವಿತ್ತು, ಡೆಮಾಕ್ರಟರು ಅದನ್ನು ದೇಶಕ್ಕೆಲ್ಲ ಮಾದರಿ ಎಂದು ತೋರಿಸುತ್ತಿದ್ದರು. ನವೆಂಬರ್‌ನಲ್ಲಿ ಅವರೂ ಆಯೋಗವನ್ನು ಪಕ್ಕಕ್ಕಿಟ್ಟು ತಮಗೆ ಐದು ಸೀಟು ಬರುವ ನಕ್ಷೆಗೆ ಜನರ ಮತ ಪಡೆದರು. ಪ್ರಜಾಪ್ರಭುತ್ವ ಉಳಿಸಲು, ಸ್ವಲ್ಪ ಕಾಲದ ಮಟ್ಟಿಗೆ. 

ಮತದಾರರು ಪ್ರತಿನಿಧಿಯನ್ನು ಆರಿಸುವುದು ಹಳೆಯ ಪದ್ಧತಿ. ಈಗ ಪ್ರತಿನಿಧಿಗಳೇ ಮತದಾರರನ್ನು ಆರಿಸಿಕೊಳ್ಳುತ್ತಾರೆ.

ಯುದ್ಧ ಘೋಷಿಸುವ ಅಧಿಕಾರ ಸಂಸತ್ತಿನದು. ಸಂವಿಧಾನ ಇದನ್ನು ನೇರವಾಗಿ, ಯಾವ ಗೊಂದಲಕ್ಕೂ ಎಡೆಯಿಲ್ಲದೆ ಹೇಳುತ್ತದೆ. ಅಮೆರಿಕ ಕೊನೆಯ ಬಾರಿ ಯುದ್ಧ ಘೋಷಿಸಿದ್ದು 1942ರ ಜೂನ್‌ನಲ್ಲಿ, ಬಲ್ಗೇರಿಯಾ, ಹಂಗೇರಿ, ರುಮೇನಿಯಾಗಳ ಮೇಲೆ. ಅಲ್ಲಿಂದೀಚೆಗೆ ಕಾಗದದ ಪ್ರಕಾರ ಪರಮ ಶಾಂತಿ. ಕೊರಿಯಾದಲ್ಲಿ ಸತ್ತ 36 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಪೊಲೀಸ್ ಕಾರ್ಯಾಚರಣೆಯಲ್ಲಿ ಸತ್ತರು. ವಿಯೆಟ್ನಾಮಿನಲ್ಲಿ 58 ಸಾವಿರ ಜನ ಒಂದು ನಿರ್ಣಯದ ಅಡಿಯಲ್ಲಿ ಸತ್ತರು. ಸತ್ತ ಕೊರಿಯನ್ನರ, ವಿಯೆಟ್ನಾಮಿಗಳ ಲೆಕ್ಕವನ್ನು ಯಾವ ಸಮಿತಿಯೂ ಕೇಳಲಿಲ್ಲ.

1973ರಲ್ಲಿ ಸಂಸತ್ತಿಗೆ ಸಿಟ್ಟು ಬಂತು. ನಿಕ್ಸನ್ ತಡೆದರೂ ಬಿಡದೆ ಕಾನೂನು ಮಾಡಿತು. ಸೈನ್ಯ ಕಳಿಸಿದ 48 ಗಂಟೆಯೊಳಗೆ ತಿಳಿಸಬೇಕು, ಒಪ್ಪಿಗೆ ಸಿಗದಿದ್ದರೆ 60 ದಿನಕ್ಕೆ ಕಾಳಗ ನಿಲ್ಲಬೇಕು. ಅಂದಿನಿಂದ ಅಧ್ಯಕ್ಷರು ಪತ್ರ ಬರೆದು ಬಾಂಬು ಹಾಕುತ್ತಾರೆ. ಅಷ್ಟೇ ಸುಧಾರಣೆ.

ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಸಂವಿಧಾನದ ಪಾಠ ಹೇಳಿಕೊಟ್ಟ ಮೇಷ್ಟ್ರು ಬರಾಕ್ ಒಬಾಮ. ದೇಶಕ್ಕೆ ತಕ್ಷಣದ ಅಪಾಯವಿಲ್ಲದಿದ್ದರೆ ಅಧ್ಯಕ್ಷ ತಾನೊಬ್ಬನೇ ದಾಳಿಗೆ ಅಪ್ಪಣೆ ಕೊಡುವಂತಿಲ್ಲ ಎಂದು 2007ರಲ್ಲಿ ಅಭ್ಯರ್ಥಿಯಾಗಿದ್ದಾಗ ಹೇಳಿದ್ದರು. 2011ರಲ್ಲಿ ಅಧ್ಯಕ್ಷರಾಗಿ ಲಿಬಿಯಾ ಮೇಲೆ ಬಾಂಬು ಹಾಕಿಸಿದರು. ಸಂಸತ್ತನ್ನು ಕೇಳಲಿಲ್ಲ. 60 ದಿನ ಕಳೆಯಿತು. ಆಗ ಅವರ ಸರ್ಕಾರ ಕೊಟ್ಟ ವಿವರಣೆ: ನಮ್ಮ ಸೈನಿಕರು ನೆಲದ ಮೇಲಿಲ್ಲ, ಅತ್ತ ಕಡೆಯಿಂದ ನಮ್ಮ ಮೇಲೆ ಗುಂಡು ಬರುವ ಭಯವಿಲ್ಲ, ಆದ್ದರಿಂದ ಆ ಕಾನೂನು ಹೇಳುವ ಕಾಳಗ ಇದಲ್ಲ. ತಿರುಗಿ ಹೊಡೆಯಲಾಗದವನಿಗೆ ಎಷ್ಟು ಹೊಡೆದರೂ ಅದು ಹೊಡೆದಾಟವಲ್ಲ. ಮೇಷ್ಟ್ರ ತರ್ಕ.

2025ರ ಜೂನ್‌ನಲ್ಲಿ ಟ್ರಂಪ್ ಇರಾನಿನ ಅಣು ನೆಲೆಗಳ ಮೇಲೆ ಬಾಂಬು ಹಾಕಿಸಿದರು. ಅವರೂ ಸಂಸತ್ತನ್ನು ಕೇಳಲಿಲ್ಲ. ಲಿಬಿಯಾ ಹೊತ್ತಿಗೆ ಸುಮ್ಮನಿದ್ದ ಹಲವರು ಈಗ ಸಂವಿಧಾನ ಹಿಡಿದು ಎದ್ದು ನಿಂತರು. ಆಗ ಎದ್ದು ನಿಂತಿದ್ದ ಹಲವರು ಈಗ ಕೂತರು. ಸೆಪ್ಟೆಂಬರ್‌ನಲ್ಲಿ ಟ್ರಂಪ್ ರಕ್ಷಣಾ ಇಲಾಖೆಗೆ ಯುದ್ಧ ಇಲಾಖೆ ಎಂಬ ಎರಡನೇ ಹೆಸರನ್ನೂ ಆದೇಶದ ಮೂಲಕ ಕೊಟ್ಟರು. ಯುದ್ಧ ಘೋಷಿಸಿ 83 ವರ್ಷವಾದ ದೇಶಕ್ಕೆ ಯುದ್ಧ ಇಲಾಖೆ. ಇಷ್ಟಾದರೂ ಇದರಲ್ಲಿ ಸ್ವಲ್ಪ ಪ್ರಾಮಾಣಿಕತೆ ಇದೆ.

ಇನ್ನು ನ್ಯಾಯಾಂಗ. ಸಂವಿಧಾನದ ಕೊನೆಯ ಕಾವಲುಗಾರ ಎಂದು ಅದಕ್ಕೆ ಬಿರುದು. ಈ ಕಾವಲುಗಾರನ ಬಗ್ಗೆ ನಮ್ಮವರೊಬ್ಬರಿಗೆ ಅಲ್ಲೇ ಎಚ್ಚರಿಕೆ ಸಿಕ್ಕಿತ್ತು. ಭಾರತದ ಸಂವಿಧಾನ ಸಭೆಯ ಸಲಹೆಗಾರ ಬೆನೆಗಲ್ ನರಸಿಂಗ ರಾವ್ ಮಂಗಳೂರಿನಲ್ಲಿ ಹುಟ್ಟಿದವರು. 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೀಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಕಾನೂನು ನ್ಯಾಯವಾಗಿದೆಯೇ ಎಂದು ತೂಗುವ ವಿಶಾಲ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಡಬೇಡಿ, ಅದು ಪ್ರಜಾಪ್ರಭುತ್ವಕ್ಕೂ ಒಳ್ಳೆಯದಲ್ಲ, ನ್ಯಾಯಾಧೀಶರಿಗೂ ಭಾರ ಎಂದು ಆ ನ್ಯಾಯಾಧೀಶರೇ ಹೇಳಿ ಕಳಿಸಿದರು. ನಮ್ಮ 21ನೇ ವಿಧಿಯಲ್ಲಿ ಅಂಥ ಅಧಿಕಾರ ಕೊಡುವ ಅಮೆರಿಕದ ಮಾತು ಬಿಟ್ಟುಹೋಯಿತು. ವಿಚಾರಣೆಯಿಲ್ಲದೆ ಜನರನ್ನು ಒಳಗೆ ಹಾಕುವವರಿಗೆ ಅದರಿಂದ ಬಹಳ ಅನುಕೂಲವಾಯಿತು, ಅದು ಬೇರೆ ಕತೆ.

ಫ್ರಾಂಕ್‌ಫರ್ಟರ್ ಸುಮ್ಮನೆ ಹೆದರಿದ್ದಲ್ಲ. 1922ರ ನವೆಂಬರ್‌ನಲ್ಲಿ ಆ ಕೋರ್ಟಿನ ಮುಂದೆ ತಾಕಾವೊ ಒಜಾವಾ ಎಂಬ ಜಪಾನಿ ಬಂದ. 20 ವರ್ಷ ಅಮೆರಿಕದಲ್ಲಿದ್ದವನು. ಬಿಳಿಯರಿಗೆ ಮತ್ತು ಆಫ್ರಿಕನ್ ಮೂಲದವರಿಗೆ ಮಾತ್ರ ಪೌರತ್ವ ಎಂಬ ಕಾನೂನಿದ್ದ ಕಾಲ. ನನ್ನ ಚರ್ಮ ಬಿಳಿಯೇ ಇದೆ ನೋಡಿ ಎಂದ. ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್ ಬರೆದರು: ಚರ್ಮದ ಬಣ್ಣ ಮುಖ್ಯವಲ್ಲ, ಜನಾಂಗ ಮುಖ್ಯ. ಬಿಳಿಯ ಎಂದರೆ ಕಕೇಸಿಯನ್ ಜನಾಂಗದವನು. ನೀನು ಅಲ್ಲ.

ಮೂರು ತಿಂಗಳ ನಂತರ ಭಗತ್ ಸಿಂಗ್ ಥಿಂಡ್ ಬಂದ. ಪಂಜಾಬಿನವನು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಸಮವಸ್ತ್ರ ತೊಟ್ಟವನು. ಸ್ವಾಮಿ, ನಿಮ್ಮ ಶಾಸ್ತ್ರಜ್ಞರ ಪ್ರಕಾರ ನಾನು ಕಕೇಸಿಯನ್ನೇ, ಕೊಡಿ ಪೌರತ್ವ ಎಂದ. ಅದೇ ಸದರ್‌ಲ್ಯಾಂಡ್ ಮತ್ತೆ ಬರೆದರು: ಶಾಸ್ತ್ರ ಯಾರಿಗೆ ಬೇಕು? ಬಿಳಿಯ ಎಂದರೆ ಯಾರೆಂದು ಬೀದಿಯ ಸಾಮಾನ್ಯ ಮನುಷ್ಯನಿಗೆ ಗೊತ್ತು. ನೀನು ಅಲ್ಲ.

ಎರಡೂ ಸರ್ವಾನುಮತದ ತೀರ್ಪುಗಳು. ಸದರ್‌ಲ್ಯಾಂಡ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅವರಿಗೆ ಇಂಥ ತೊಂದರೆ ಬರಲಿಲ್ಲ.

ಥಿಂಡ್ ತೀರ್ಪಿನ ಬಲದಿಂದ, ಆಗಲೇ ಪೌರತ್ವ ಪಡೆದಿದ್ದ ಹತ್ತಾರು ಭಾರತೀಯರ ಪೌರತ್ವವನ್ನು ಕಿತ್ತುಕೊಂಡರು. 1946ರಲ್ಲಿ ಬಾಗಿಲು ತೆರೆಯಿತು, ವರ್ಷಕ್ಕೆ 100 ಭಾರತೀಯರಿಗೆ.

ಇದನ್ನು ಇವತ್ತು ನೆನಪಿಸಲು ಕಾರಣವಿದೆ. ಅಮೆರಿಕದ ನೆಲದಲ್ಲಿ ಹುಟ್ಟಿದವರೆಲ್ಲ ಅಮೆರಿಕದ ಪ್ರಜೆಗಳು ಎಂದು 1868ರ 14ನೇ ತಿದ್ದುಪಡಿ ಹೇಳುತ್ತದೆ. ಚೀನೀ ದಂಪತಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಮಗನ ಪ್ರಕರಣದಲ್ಲಿ 1898ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಒಪ್ಪಿತು. 2025ರ ಜನವರಿ 20ರಂದು ಸಂವಿಧಾನ ಕಾಪಾಡುತ್ತೇನೆಂದು ಪ್ರಮಾಣ ಮಾಡಿದ ಟ್ರಂಪ್, ಅದೇ ದಿನ ಈ ತಿದ್ದುಪಡಿಗೆ ಹೊಸ ಅರ್ಥ ಕೊಟ್ಟು ಆದೇಶ ಹೊರಡಿಸಿದರು. ಪ್ರಮಾಣದ ಬಿಸಿ ಇನ್ನೂ ಆರಿರಲಿಲ್ಲ.

ಆ ಆದೇಶವನ್ನು ನಮ್ಮವರು ಪೂರ್ತಿ ಓದಿರಲಿಕ್ಕಿಲ್ಲ. ಅಕ್ರಮ ವಲಸಿಗರನ್ನು ಓಡಿಸಲಿ ಎಂದು ಕನ್ನಡ ಕೂಟದ ಪಾಟ್‌ಲಕ್‌ಗಳಲ್ಲಿ ಬಿಸಿಬೇಳೆಬಾತ್ ತಿನ್ನುತ್ತ ತಲೆಯಾಡಿಸಿದವರಿದ್ದಾರೆ. ನಾವು ಸಕ್ರಮ, ನಾವು ತೆರಿಗೆ ಕಟ್ಟುವವರು, ನಮ್ಮದು ಬೇರೆ ಲೆಕ್ಕ. ಆದೇಶದಲ್ಲಿ ಎರಡು ಭಾಗವಿತ್ತು. ಅಕ್ರಮವಾಗಿ ಇರುವ ತಾಯಿ ಮೊದಲನೆಯದು. ತಾತ್ಕಾಲಿಕ ವೀಸಾದಲ್ಲಿ ಸಕ್ರಮವಾಗಿ ಇರುವ ತಾಯಿ ಎರಡನೆಯದು. ತಂದೆ ಪ್ರಜೆಯೋ ಗ್ರೀನ್ ಕಾರ್ಡಿನವನೋ ಆಗಿರದಿದ್ದರೆ ಮಗು ಅಮೆರಿಕನ್ ಅಲ್ಲ. ಎಚ್1ಬಿ ದಂಪತಿಗಳೆಲ್ಲ ಈ ಎರಡನೇ ಭಾಗದಲ್ಲಿದ್ದರು. ಬೀದಿಯ ಸಾಮಾನ್ಯ ಮನುಷ್ಯನಿಗೆ ಸಕ್ರಮ, ಅಕ್ರಮ ಕಾಣುವುದಿಲ್ಲ. ಅವನಿಗೆ ಏನು ಕಾಣುತ್ತದೆಂದು ಸದರ್‌ಲ್ಯಾಂಡ್ ಬರೆದಿಟ್ಟಿದ್ದಾರೆ.

ಕೆಳ ಕೋರ್ಟುಗಳು ಆದೇಶವನ್ನು ತಡೆದವು, ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1868ರಲ್ಲಿ ಕಪ್ಪು ಜನರ ಮಕ್ಕಳಿಗಾಗಿ ಬರೆದ ಒಂದು ಸಾಲು ಇಷ್ಟು ದಿನ ನಮ್ಮವರ ಮಕ್ಕಳನ್ನು ಕಾಯಿತು. ಆ ಋಣವನ್ನು ಪಾಟ್‌ಲಕ್‌ನಲ್ಲಿ ಯಾರೂ ನೆನೆಯಲಿಲ್ಲ.

ಕ್ಷಮಾದಾನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದೇ 2025ರ ಜನವರಿ 20ರಂದು ಬೈಡನ್ ಕುರ್ಚಿಯಿಂದ ಏಳುವ ಮುನ್ನ ತಮ್ಮ ಒಡಹುಟ್ಟಿದವರಿಗೆ ಮುಂಗಡ ಕ್ಷಮೆ ಬರೆದರು. ಮಗನಿಗೆ ಕೊಡುವುದಿಲ್ಲ ಎಂದು ಮೊದಲು ಹೇಳಿ, ಡಿಸೆಂಬರ್‌ನಲ್ಲೇ ಕೊಟ್ಟಾಗಿತ್ತು. ಸಂಜೆ ಟ್ರಂಪ್ ಆ ಜನವರಿ 6ರ ಸುಮಾರು 1,500 ಜನರಿಗೆ ಕ್ಷಮೆ ಬರೆದರು. ತಮ್ಮ ಅಳಿಯನ ಅಪ್ಪನಿಗೆ 2020ರಲ್ಲೇ ಕ್ಷಮೆ ಕೊಟ್ಟಿದ್ದವರು, ಈ ಸಲ ಆ ಬೀಗರನ್ನು ಫ್ರಾನ್ಸಿಗೆ ರಾಯಭಾರಿಯಾಗಿ ಕಳಿಸಿದರು. ಒಬ್ಬರದು ಕುಟುಂಬ, ಇನ್ನೊಬ್ಬರದು ಕುಟುಂಬ ಮತ್ತು ಬೆಂಬಲಿಗರು. ಕಾನೂನಿನ ಆಳ್ವಿಕೆ ಒಂದೇ ದಿನ ಎರಡು ಪಾಳಿಯಲ್ಲಿ ನಡೆಯಿತು.

ಇಷ್ಟೆಲ್ಲ ದೋಷವಿದ್ದರೆ ತಿದ್ದಬಹುದಲ್ಲ? ತಿದ್ದಬಹುದು. ದಾರಿ ಇದೆ. ಎರಡೂ ಸದನಗಳ ಮೂರರಲ್ಲಿ ಎರಡು ಪಾಲು, ಆಮೇಲೆ ರಾಜ್ಯಗಳ ನಾಲ್ಕರಲ್ಲಿ ಮೂರು ಪಾಲು. ಇದುವರೆಗೆ 27 ತಿದ್ದುಪಡಿಗಳಾಗಿವೆ. 27ನೆಯದು ಸಂಸದರ ಸಂಬಳದ್ದು. ಅವರು ಸಂಬಳ ಏರಿಸಿಕೊಂಡರೆ ಅದು ಮುಂದಿನ ಚುನಾವಣೆಯ ನಂತರವೇ ಜಾರಿಗೆ ಬರಬೇಕು. ಮ್ಯಾಡಿಸನ್ ಅದನ್ನು ಮಂಡಿಸಿದ್ದು 1789ರಲ್ಲಿ. ಸಾಕಷ್ಟು ರಾಜ್ಯಗಳು ಒಪ್ಪಿ ಅದು ಸಂವಿಧಾನ ಸೇರಿದ್ದು 1992ರಲ್ಲಿ. 202 ವರ್ಷ ಕಳೆದಿತ್ತು. ತಡವಾಯಿತೆಂದು ಯಾರೂ ಬಾಗಿಲು ಹಾಕಲಿಲ್ಲ.

ಹೆಣ್ಣು ಗಂಡಿಗೆ ಸಮಾನ ಹಕ್ಕು ಎಂಬ ತಿದ್ದುಪಡಿಯನ್ನು ಸಂಸತ್ತು ಒಪ್ಪಿದ್ದು 1972ರಲ್ಲಿ. ಅದಕ್ಕೆ ಏಳು ವರ್ಷದ ಗಡುವು ಕಟ್ಟಿದರು. 1982ರವರೆಗೆ ವಿಸ್ತರಿಸಿದರು. ಮೂರು ರಾಜ್ಯ ಕಡಿಮೆ ಬಿತ್ತು. 2020ರಲ್ಲಿ ವರ್ಜೀನಿಯಾ ಒಪ್ಪಿದಾಗ ಬೇಕಾದ 38ರ ಸಂಖ್ಯೆ ಮುಟ್ಟಿತು. ಗಡುವು ಮುಗಿದಿದೆ ಎಂದಿತು ಸರ್ಕಾರ. ಸಂಬಳದ ತಿದ್ದುಪಡಿ ಎರಡು ಶತಮಾನ ಕಾಯಬಹುದು, ಹೆಂಗಸರ ತಿದ್ದುಪಡಿ ಹತ್ತು ವರ್ಷಕ್ಕೆ ಹಳಸುತ್ತದೆ.

ಬೈಡನ್ ನಾಲ್ಕು ವರ್ಷ ಅಧ್ಯಕ್ಷರಾಗಿದ್ದರು. ಅಧಿಕಾರ ಮುಗಿಯಲು ಮೂರು ದಿನ ಇರುವಾಗ, 2025ರ ಜನವರಿ 17ರಂದು, ನನ್ನ ಪ್ರಕಾರ ಇದು 28ನೇ ತಿದ್ದುಪಡಿ, ಈಗ ದೇಶದ ಕಾನೂನು ಎಂದು ಘೋಷಿಸಿದರು. ಅದನ್ನು ಪ್ರಕಟಿಸಬೇಕಾದ ರಾಷ್ಟ್ರೀಯ ದಾಖಲೆ ಕಚೇರಿ ಪ್ರಕಟಿಸಲಿಲ್ಲ. ಪ್ರಕಟಿಸಿ ಎಂದು ಬೈಡನ್ ಆದೇಶವನ್ನೂ ಕೊಡಲಿಲ್ಲ. ಹೇಳಿಕೆ ಕೊಟ್ಟು ಗಂಟುಮೂಟೆ ಕಟ್ಟಿದರು.